ಕೊಳ್ಳುವ ಮುನ್ನ ಒಂದು ಪ್ರಶ್ನೆ



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತಷ್ಟೆ. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣಗಳು ದೊರೆಯುವುವಾದರೂ, ಅದು ವಾಯಿದೆಯೇ ಹೊರತು ಪರಿಹಾರವಲ್ಲ. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಪ್ರೊಸೆಸರನ್ನೂ ಅಪೇಕ್ಷಿಸುವುದರಿಂದ, 2016ರ ಸುಮಾರಿಗೆ ಕೊಂಡ, ಪರದೆ ಕೀಲಿಮಣೆಗಳಲ್ಲಿ ಯಾವ ನ್ಯೂನತೆಯೂ ಇಲ್ಲದ, ಲೆಕ್ಕ ಬರೆಯುವುದಕ್ಕೂ ಪಾಠ ಓದುವುದಕ್ಕೂ ಸರ್ವಥಾ ಸಮರ್ಥವಾದ ಗಣಕಯಂತ್ರಗಳು ಒಮ್ಮೆಗೇ ಅನರ್ಹವೆನಿಸಿದುವು.

ಇವನ್ನು ಗುಜರಿಗೆ ಹಾಕಬೇಕಾಗಿಲ್ಲ. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಇಂಥ ಯಂತ್ರಗಳಲ್ಲಿ ಇಂದಿಗೂ ನಿರಾತಂಕವಾಗಿ ನಡೆಯಬಲ್ಲುದು. ಆದರೆ ಅದನ್ನು ಸ್ಥಾಪಿಸಲು ಹೊರಟ ಉತ್ಸಾಹಿಗೆ ಅನೇಕ ವೇಳೆ ಎದುರಾಗುವ ಕ್ಲೇಶವು ನಿಜವಾದುದು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಎಲ್ಲವೂ ಸುಸೂತ್ರವಾಗಿ ಮುಗಿದ ಮೇಲೆ ವೈಫೈ ಮಾತ್ರ ಕಾಣಿಸುವುದಿಲ್ಲ: ಆ ಚಿಪ್ಪಿನೊಳಗೆ ನಡೆಯಬೇಕಾದ ತಂತ್ರಾಂಶವಾದ ಫರ್ಮ್‌ವೇರನ್ನು ಅಂತರ್ಜಾಲದಿಂದ ತರಬೇಕು, ಅಂತರ್ಜಾಲವನ್ನು ಮುಟ್ಟುವುದಕ್ಕೆ ಆ ಫರ್ಮ್‌ವೇರೇ ಬೇಕು. ತರ್ಕಶಾಸ್ತ್ರದ ಅನ್ಯೋನ್ಯಾಶ್ರಯ ದೋಷವು ಪಾಠಶಾಲೆಯ ಮೇಜಿನ ಮೇಲೆಯೇ ಮೂರ್ತಿವೆತ್ತಂತಿರುವ ಈ ಪ್ರಸಂಗದಲ್ಲಿ ಎಷ್ಟೋ ಉಪಾಧ್ಯಾಯರು ಕೈಚೆಲ್ಲಿದ್ದಾರೆ. ವಿಂಡೋಸನ್ನೇ ಹೊಸದಾಗಿ ಹಾಕುವವರಿಗೂ ಈ ಸಂಕಟ ತಪ್ಪಿದ್ದಲ್ಲ. ಇಂಟೆಲ್ಲಿನ ಹನ್ನೊಂದನೆಯ ಪೀಳಿಗೆಯ ಹಲವು ಲ್ಯಾಪ್‌ಟಾಪುಗಳಲ್ಲಿ ಶೇಖರಣೆಯ ಡ್ರೈವರನ್ನು, ಅಂದರೆ ಡಿಸ್ಕನ್ನು ವ್ಯವಸ್ಥೆಯು ಗುರುತಿಸುವುದಕ್ಕೆ ಬೇಕಾದ ತಂತ್ರಾಂಶವನ್ನು, ಪೆನ್‌ಡ್ರೈವಿನಿಂದ ಪ್ರತ್ಯೇಕವಾಗಿ ಕೊಟ್ಟ ಹೊರತು ಡಿಸ್ಕೇ ಗೋಚರಿಸದು, ಇದನ್ನರಿಯದವರು ಡಿಸ್ಕು ಕೆಟ್ಟಿತೆಂದು ಬಗೆಯುತ್ತಾರೆ.

ಈ ಸಂಕಟದ ಬಹುಪಾಲಿಗೆ ಮೂಲವು, ಚಿಪ್ಪನ್ನು ಮಾರುವ ಕೆಲವರು ಅದರ ವಿವರಗಳನ್ನು ಪ್ರಕಟಿಸದೆ, ಡ್ರೈವರನ್ನು ತಮ್ಮ ಮುಷ್ಟಿಯಲ್ಲಿಯೇ ಇರಿಸಿಕೊಳ್ಳುವುದರಲ್ಲಿದೆ. ಸ್ವಯಂಸೇವಕರು ಯಂತ್ರದ ವರ್ತನೆಯನ್ನು ಪರಿಶೀಲಿಸಿ ಪರಿಶೀಲಿಸಿ, ಊಹಿಸಿ, ಡ್ರೈವರುಗಳನ್ನು ರಚಿಸಿದ್ದಾರೆ. ಅವರ ತಪಸ್ಸು ವಂದನೀಯ. ಆದರೂ ಅದಷ್ಟೇ ಸಾಲದಾಗಿ, ಲಿನಕ್ಸಿನ ಒಂದು ರೂಪವನ್ನು ಸಿದ್ಧಪಡಿಸುವ, ತಂತ್ರಾಂಶ ಸ್ವಾತಂತ್ರ್ಯದ ತತ್ತ್ವದಲ್ಲಿ ದೃಢವಾದ ಡೆಬಿಯನ್ ಬಳಗವೇ 2022ರಲ್ಲಿ ಮತದಾನ ನಡೆಸಿ, ಮುಕ್ತವಲ್ಲದ ಫರ್ಮ್‌ವೇರನ್ನೂ ತನ್ನ ಅಧಿಕೃತ ಸ್ಥಾಪನಾ ಮಾಧ್ಯಮದಲ್ಲಿ ಸೇರಿಸಲು ನಿರ್ಧರಿಸಿ, 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಲ್ಲಿ ಅದನ್ನು ನೆರವೇರಿಸಿತು. ತತ್ತ್ವಕ್ಕೆ ಕುಂದಾಯಿತೆಂದು ನೊಂದವರುಂಟು. ಬಡವನ ಯಂತ್ರವು ನಡೆಯುವಂತಾದುದೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಆದಕಾರಣ ಶಾಲಾಭಿವೃದ್ಧಿ ಸಮಿತಿಗಳಲ್ಲಿಯೂ, ಗ್ರಂಥಾಲಯಗಳನ್ನೂ ಸಹಕಾರ ಸಂಘಗಳನ್ನೂ ನಡೆಸುವವರಲ್ಲಿಯೂ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಂದೆತಾಯಿಗಳಲ್ಲಿಯೂ ನನ್ನ ಪ್ರಾರ್ಥನೆಯಿಷ್ಟೆ: ಈ ಯಂತ್ರದ ವೈಫೈ, ಧ್ವನಿ, ಕ್ಯಾಮೆರಾಗಳಿಗೆ ಲಿನಕ್ಸಿನಲ್ಲಿ ಡ್ರೈವರುಂಟೇ ಎಂಬ ಪ್ರಶ್ನೆಯನ್ನು ಹಣ ತೆರುವ ಮುನ್ನ ಕೇಳಿರಿ, ದರಪಟ್ಟಿ ಕೋರುವ ಪತ್ರದಲ್ಲಿ ಅದನ್ನೇ ಷರತ್ತಾಗಿ ಬರೆಯಿರಿ. ಒಬ್ಬ ಗ್ರಾಹಕನ ಮಾತನ್ನು ಅಂಗಡಿಯವರು ಅಲಕ್ಷಿಸಬಹುದು. ಒಂದು ತಾಲ್ಲೂಕಿನ ಶಾಲೆಗಳೆಲ್ಲವೂ ಒಂದೇ ಷರತ್ತನ್ನು ಮುಂದಿಟ್ಟರೆ ಅಲಕ್ಷಿಸಲಾರರು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತ ಬಂದಿರುವುದರಿಂದ, ಇದು ಅಸಾಧ್ಯವೆನ್ನುವ ಮಾತಿಗೆ ಆಧಾರವಿಲ್ಲ.

ಪರೀಕ್ಷೆಯೂ ಕಷ್ಟವಲ್ಲ. ಲಿನಕ್ಸಿರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿದರೆ ಡಿಸ್ಕನ್ನು ಮುಟ್ಟದೆಯೇ ಎಲ್ಲವನ್ನೂ ನೋಡಬಹುದು: ವೈಫೈ ಸೇರಿಸಿರಿ, ಹಾಡೊಂದನ್ನು ನುಡಿಸಿರಿ, ಮುಚ್ಚಳ ಮುಚ್ಚಿ ತೆರೆದು ಯಂತ್ರವು ಎಚ್ಚರಗೊಳ್ಳುವುದೇ ಎಂದು ಕಾಣಿರಿ. ಈ ವಿದ್ಯೆಯನ್ನು ಬಲ್ಲ ತರುಣರು ಬೆಂಗಳೂರಿನಿಂದ ತಮ್ಮ ಊರಿಗೆ ಬಂದಾಗ, ತಾವು ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಬೀಗ ಹಾಕಿದ ಗಣಕ ಕೊಠಡಿಯನ್ನು ತೆರೆಸಿ ಒಂದೊಂದೇ ಯಂತ್ರವನ್ನು ಪರೀಕ್ಷಿಸಿಕೊಡಬೇಕೆಂದು ಅವರಲ್ಲಿ ವಿಶೇಷವಾಗಿ ಬೇಡುತ್ತೇನೆ.