ಮನೆಮಾತು: “ನನ್ನಿಂದಲೇ ಬಂತಾ ಅಜ್ಜಿ?”



ಮೊನ್ನೆ ಬೀರು ಚೊಕ್ಕಟ ಮಾಡುವಾಗ ಸೀರೆಯ ಮಡಿಕೆಯೊಳಗೆ ಒಂದು ಕಾಗದ ಸಿಕ್ಕಿತು. 2021ರ ಸೆಪ್ಟೆಂಬರಿನದು. ನನ್ನ ಮೊಮ್ಮಗಳ ಹೆಸರು, ವಯಸ್ಸು ಆರು, ಕೆಳಗೆ ‘ನೆಗೆಟಿವ್’ ಎಂದು ಅಚ್ಚಾಗಿದೆ. ಆಗ ಅದನ್ನು ಚಿನ್ನದ ಸರದಂತೆ ಜೋಪಾನ ಮಾಡಿದ್ದೆ. ಗಡಿಯಲ್ಲಿ ಸಂಸಾರ ಮಾಡುವವರಿಗೆ ಕಾರಣ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ.

ನಮ್ಮದು ಮಂಜೇಶ್ವರದ ಕಡೆ. ರಾಜ್ಯ ಕೇರಳವಾದರೂ ಮಗಳನ್ನು ಕೊಟ್ಟದ್ದು, ಕಣ್ಣು ತೋರಿಸುವುದು, ಮದುವೆ ಜವಳಿ ತೆಗೆಯುವುದು ಎಲ್ಲ ಮಂಗಳೂರಿನಲ್ಲೇ. ತಲಪಾಡಿ ದಾಟಿದರೆ ಆಯಿತು. ಅಲ್ಲೊಂದು ಗಡಿ ಉಂಟು ಎಂಬುದೇ ನಮಗೆ ಮರೆತಿತ್ತು. 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದವರು ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನೆನಪಾಯಿತು! ಆಸ್ಪತ್ರೆಗೆ ಹೊರಟ ರೋಗಿಗಳೂ ಈಚೆಯೇ ಉಳಿದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮರುವರ್ಷ ಮಣ್ಣಿನ ಬದಲು ಕಾಗದ ಬಂತು. 2021ರ ಜುಲೈ ಕೊನೆಯ ಆದೇಶದಂತೆ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕು, ಲಸಿಕೆ ಹಾಕಿಸಿಕೊಂಡಿದ್ದರೂ ಸರಿಯೇ. ಓದಲಿಕ್ಕೆ, ಕೆಲಸಕ್ಕೆ ಎಂದು ದಿನವೂ ದಾಟುವವರಾದರೆ 15 ದಿನಕ್ಕೊಮ್ಮೆ. ಎರಡು ವರ್ಷದೊಳಗಿನ ಕೂಸುಗಳಿಗೆ ವಿನಾಯಿತಿ. ಮೂರು ವರ್ಷದ ಮಗುವಾದರೆ ಅದರ ಮೂಗಿಗೂ ಕಡ್ಡಿ ಹೋಗಬೇಕು.

ಮೊಮ್ಮಗಳು ಎರಡು ತಿಂಗಳಿಂದ ನಮ್ಮಲ್ಲೇ ಇದ್ದಳು. ಚೌತಿಗೆ ಮಗು ಮನೆಗೆ ಬರಲೇಬೇಕೆಂದು ಮಗಳ ಹಟ. ಪರೀಕ್ಷೆಗೆ ಹೋಗುವ ದಾರಿಯಲ್ಲಿ, “ನೋವಾಗ್ತದಾ ಅಜ್ಜಿ?” ಎಂದು ಕೇಳಿದಳು. “ಇಲ್ಲ ಪುಟ್ಟಾ, ಇರುವೆ ಕಚ್ಚಿದಷ್ಟೂ ಇಲ್ಲ” ಎಂದೆ. ನೀವೂ ಇದನ್ನೇ ಹೇಳುತ್ತಿದ್ದಿರಿ, ಅಲ್ಲವೇ? ಕಡ್ಡಿ ಮೂಗಿನೊಳಗೆ ಹೋದದ್ದೇ ತಡ, ಅವಳು ಕಿರುಚಿ, ನರ್ಸಿನ ಕೈ ತಳ್ಳಿ, ತಿರುಗಿ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ಮರೆತಿಲ್ಲ.

ನರ್ಸಮ್ಮ ಗದರಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆನ್ನನ್ನು ಎದೆಗೆ ಆನಿಸಿ, ಒಂದು ಕೈಯಲ್ಲಿ ಅದರ ಎರಡೂ ಕೈ ಬಳಸಿ, ಇನ್ನೊಂದನ್ನು ಹಣೆಗೆ ಹಿಡಿಯಲು ನನಗೆ ತೋರಿಸಿಕೊಟ್ಟರು. ಆಮೇಲೆ ಮಗುವಿಗೆ, “ಚುರುಚುರು ಅಂತದೆ, ಕಣ್ಣಲ್ಲಿ ನೀರು ಬರ್ತದೆ. ಹತ್ತು ಎಣಿಸು, ಅಷ್ಟರಲ್ಲಿ ತೆಗೀತೇನೆ” ಎಂದರು. ಏಳು ಎನ್ನುವಾಗ ಮುಗಿದಿತ್ತು.

ಕಾಗದ ಬಂತು, ಗಡಿ ದಾಟಿದೆವು, ಚೌತಿಯೂ ಆಯಿತು. ಮರುದಿನ ಮಗುವಿನ ಮೂಗು ಸೋರತೊಡಗಿತು. ಮತ್ತೆ ಪರೀಕ್ಷೆ ಮಾಡಿಸಿದರೆ ಪಾಸಿಟಿವ್! ಅವಳಿಗೆ ಎರಡು ದಿನದ ಶೀತ, ಅಷ್ಟೇ. ಆದರೆ ಆ ಹೊತ್ತಿಗೆ ಬೀಗರಿಗೆ ಜ್ವರ ಏರಿತ್ತು. ಮೊದಲೇ ಸಕ್ಕರೆ ಕಾಯಿಲೆಯವರು. ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಬೇಕಾಯಿತು.

‘ನೆಗೆಟಿವ್ ಬಂದಿತ್ತಲ್ಲ!’ ಎಂದು ಅವತ್ತು ನಾನೂ ಕೂಗಾಡಿದೆ. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ರುಚಿ ನೋಡಿ, ಹಾಲೇ. ಬೆಳಿಗ್ಗೆ ನೋಡಿ, ಮೊಸರು. ಇದೂ ಹಾಗೆಯೇ. ಪ್ರಯೋಗಾಲಯದಲ್ಲಿ ವೈರಸ್ಸಿನ ಗುರುತನ್ನು ಸುತ್ತು ಸುತ್ತಿಗೂ ಇಮ್ಮಡಿ ಮಾಡುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಅಷ್ಟು ಸೂಕ್ಷ್ಮ ಪರೀಕ್ಷೆಯೂ ಕಡ್ಡಿಗೆ ಏನೂ ಅಂಟದಿದ್ದರೆ ‘ಇಲ್ಲ’ ಎಂದೇ ಹೇಳೀತು. ಸೋಂಕು ತಗುಲಿದ ಮೊದಲ ಒಂದೆರಡು ದಿನ ಹಾಗಾಗುವುದುಂಟು. ಪರೀಕ್ಷೆಯ ಮರುದಿನ ಬಸ್ಸಿನಲ್ಲಿ ತಗುಲಿದರೆ ಆ ಕಾಗದಕ್ಕೆ ಏನು ಗೊತ್ತು? ನಾವೋ, ಅದನ್ನು ತಾಯಿತದ ಹಾಗೆ ನಂಬಿ ಅಜ್ಜನ ಪಕ್ಕದಲ್ಲೇ ಮಗುವನ್ನು ಮಲಗಿಸಿದ್ದೆವು.

ಮಕ್ಕಳಲ್ಲಿ ಈ ಸೋಂಕು ಸದ್ದಿಲ್ಲದೆ ಬಂದು ಹೋದದ್ದೇ ಹೆಚ್ಚು. 2021ರ ಜೂನ್-ಜುಲೈನಲ್ಲಿ ಐಸಿಎಂಆರ್ ದೇಶದಲ್ಲೆಲ್ಲ ರಕ್ತ ನೋಡಿದಾಗ, 6ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 57 ಮಂದಿಯಲ್ಲಿ, 10ರಿಂದ 17ರವರಲ್ಲಿ ನೂರಕ್ಕೆ 61 ಮಂದಿಗಿಂತ ಹೆಚ್ಚು ಜನರಲ್ಲಿ ಪ್ರತಿಕಾಯ ಸಿಕ್ಕಿತ್ತು. ಆಗಿನ್ನೂ ಮಕ್ಕಳಿಗೆ ಲಸಿಕೆಯೇ ಶುರುವಾಗಿರಲಿಲ್ಲ ನೋಡಿ. ಎಷ್ಟು ತಾಯಂದಿರಿಗೆ ಇದು ತಿಳಿದೇ ಇರಲಿಲ್ಲವೋ!

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅಡಿಗೆಮನೆಯಲ್ಲಿ ಮಗಳ ಹತ್ತಿರ, “ಇವಳೇ ತಂದದ್ದಿರಬೇಕು” ಎಂದುಬಿಟ್ಟೆ. ಬಾಗಿಲ ಮರೆಯಲ್ಲಿ ಮಗು ನಿಂತಿತ್ತು. ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿದಳು, “ಅಜ್ಜನಿಗೆ ನನ್ನಿಂದಲೇ ಬಂತಾ ಅಜ್ಜಿ?”

“ಇಲ್ಲವೇ ಇಲ್ಲ” ಎಂದೆ.

“ಇರುವೆ ಕಚ್ಚಿದಷ್ಟೂ ಇಲ್ಲ ಅಂತಲೂ ನೀನೇ ಹೇಳಿದ್ದಲ್ಲಾ?”

ನನಗೆ ಬಾಯಿ ಕಟ್ಟಿಹೋಯಿತು. ಸ್ವಲ್ಪ ಹೊತ್ತು ಬಿಟ್ಟು, “ನಿನ್ನಿಂದ ಬಂದಿರಲೂಬಹುದು, ಬೇರೆ ಯಾರಿಂದಲೋ ಬಂದಿರಲೂಬಹುದು, ಯಾರಿಗೂ ಗೊತ್ತಿಲ್ಲ. ನಿನಗೆ ಯಾರೋ ಕೊಟ್ಟರಲ್ಲ, ಅವರಿಗೂ ಗೊತ್ತಿರಲಿಲ್ಲ. ನಿನ್ನನ್ನು ಅಲ್ಲಿ ಮಲಗಿಸಿದ್ದು ನಾವು, ದೊಡ್ಡವರು” ಎಂದೆ. ಅವಳು ಏನೂ ಹೇಳಲಿಲ್ಲ. ಮೂರು ದಿನ ಸರಿಯಾಗಿ ಉಣ್ಣಲೂ ಇಲ್ಲ.

ಕೊನೆಗೆ ಬೀಗರೇ ಆಸ್ಪತ್ರೆಯಿಂದ ಫೋನಿನಲ್ಲಿ ಮುಖ ತೋರಿಸಿ, “ಚೌತಿಗೆ ಕಬ್ಬು ತರಲಿಕ್ಕೆ ಪೇಟೆಗೆ ಹೋಗಿದ್ದೆನಲ್ಲ, ಎಂಥ ಜನ ಮಾರಾಯ್ತಿ ಅಲ್ಲಿ!” ಎಂದರು. ಆ ರಾತ್ರಿ ಎರಡು ಸಲ ಗಂಜಿ ಹಾಕಿಸಿಕೊಂಡಳು. ಅವರಿಗೆ ಎರಡೂ ಡೋಸ್ ಆಗಿತ್ತು. ಒಂಬತ್ತನೆಯ ದಿನ ಮನೆಗೆ ಬಂದರು, ತುಂಬ ಸೊರಗಿದ್ದರು.

ಕಾಯಿಲೆಯ ಮನೆಯಲ್ಲಿ ‘ಯಾರು ತಂದದ್ದು’ ಎಂಬ ಲೆಕ್ಕ ಹಾಕುವಾಗ ಬಾಗಿಲ ಮರೆಯನ್ನೊಮ್ಮೆ ನೋಡಿಕೊಳ್ಳಿ ಅಮ್ಮಂದಿರೇ. ಸಿಡುಬಾಗಲಿ, ಮಾಮೂಲಿ ಶೀತವಾಗಲಿ, ನಮ್ಮ ನಾಲಿಗೆ ಮೊದಲು ಹೋಗುವುದು ಅಲ್ಲಿಗೇ.

ಈಗ ತಲಪಾಡಿಯಲ್ಲಿ ಆ ಕಾಗದ ಕೇಳುವವರಿಲ್ಲ. ಮೊಮ್ಮಗಳು ಬಂದಾಗ ತೋರಿಸಿದೆ. ತಿರುಗಿಸಿ ನೋಡಿ, “ನಾನು ಏಳರವರೆಗೆ ಎಣಿಸಿದ್ದೆ ಅಲ್ವಾ?” ಎಂದಳು. ಅಜ್ಜನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.