ಲೈಕ್ ಬರಲಿಲ್ಲ ಅಂತ ಸೂಜಿ ಕೆಳಗಿಡಬೇಡಿ

ವಾರಗಟ್ಟಲೆ ಕೂತು, ಎಳೆ ಎಣಿಸಿ ಎಣಿಸಿ, ಸೆರಗಿಗೆ ಕಸೂತಿ ಹಾಕಿ ಮುಗಿಸಿರುತ್ತೀರಿ. ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ ಲೈಕ್ ಹತ್ತೋ ಇಪ್ಪತ್ತೋ. ಅದರಲ್ಲೂ ಅರ್ಧ ಅಕ್ಕ, ನಾದಿನಿ, ಓರಗಿತ್ತಿಯರದ್ದು! ಅದೇ, ಹಳೇ ಬಳೆಗೆ ದಾರ ಸುತ್ತಿದ ಅರ್ಧ ನಿಮಿಷದ ವಿಡಿಯೊವನ್ನು ಸಾವಿರಾರು ಜನ ನೋಡಿರುತ್ತಾರೆ. ‘ಇನ್ನು ಕಸೂತಿ ಯಾರಿಗೆ ಬೇಕು, ಬಳೆನೇ ಮಾಡ್ಕೊಂಡಿರ್ತೀನಿ ಬಿಡಿ’ ಅನ್ನುವ ಗೆಳತಿಯರು ನಮ್ಮ ನಡುವೆ ಎಷ್ಟಿಲ್ಲ?

ಸ್ವಲ್ಪ ತಾಳಿ. ಇದು ನಿಮಗೊಬ್ಬರಿಗೇ ಬಂದ ಕಷ್ಟವಲ್ಲ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗೆ ತನ್ನ ಐತಿಹಾಸಿಕ ಕಾದಂಬರಿಗಳ ಮೇಲೇ ಪ್ರೀತಿ. 1893ರಲ್ಲಿ ಕಥೆಯೊಳಗೆ ಹೋಮ್ಸ್‌ನನ್ನು ಸಾಯಿಸಿಯೇಬಿಟ್ಟ. ಓದುಗರು ಬಿಡಬೇಕಲ್ಲ! ಹತ್ತು ವರ್ಷದ ನಂತರ ಮತ್ತೆ ಬದುಕಿಸಬೇಕಾಯಿತು. ರಾಜ್ ಕಪೂರ್ ವರ್ಷಗಟ್ಟಲೆ ಜೀವ ತೇದು ಮಾಡಿದ ‘ಮೇರಾ ನಾಮ್ ಜೋಕರ್’ 1970ರಲ್ಲಿ ನೆಲಕಚ್ಚಿತು, 1973ರ ‘ಬಾಬಿ’ ಗೆದ್ದಿತು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ಅಂತೂ 1959ರಲ್ಲಿ ‘ಕಾಗಜ್ ಕೆ ಫೂಲ್’ ಸೋತ ಮೇಲೆ ನಿರ್ದೇಶಕನಾಗಿ ತನ್ನ ಹೆಸರನ್ನೇ ಹಾಕಿಕೊಳ್ಳಲಿಲ್ಲ. ಇಂದು ಆ ಎರಡು ಸಿನಿಮಾಗಳನ್ನೂ ಜನ ಹುಡುಕಿಕೊಂಡು ನೋಡುತ್ತಾರೆ. ಆದರೆ ಗುರುದತ್ ಮಾಡದೇ ಉಳಿದ ಸಿನಿಮಾಗಳನ್ನು ಎಲ್ಲಿಂದ ತರೋಣ?

ಹಾಗಂತ ನೋಡುವವರನ್ನು ಬೈಯುವುದೂ ಸರಿಯಲ್ಲ. ಕಸೂತಿಯ ಜೀವ ಇರುವುದೇ ಹಾಕುವ ಕ್ರಮದಲ್ಲಿ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಹಿಂಬದಿಯೂ ಮುಂಬದಿಯಷ್ಟೇ ಚೆಂದ ಕಾಣಬೇಕು. ಒಗ್ಗರಣೆ ಹಾಕುತ್ತಾ ಮೊಬೈಲ್ ಮೇಲೆ ಬೆರಳಾಡಿಸುವವರಿಗೆ ಇದೆಲ್ಲ ಹೇಗೆ ತಿಳಿಯಬೇಕು? ನೀವು ಪ್ರೀತಿಸುವುದು ಪಟ್ಟ ಶ್ರಮವನ್ನು, ಅವರಿಗೆ ಕಾಣುವುದು ಒಂದು ತೇರಿನ ಚಿತ್ರ ಮಾತ್ರ. 2020ರಲ್ಲಿ ರೀಲ್ಸ್, ಶಾರ್ಟ್ಸ್ ಬಂದ ಮೇಲಂತೂ ಕ್ಷಣದಲ್ಲಿ ಕಣ್ಣು ಸೆಳೆಯದಿದ್ದರೆ ಮುಂದಿನದಕ್ಕೆ ಹಾರುವುದೇ ಅಭ್ಯಾಸವಾಗಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಮಾತೂ ಸುಳ್ಳಲ್ಲ. ಕಷ್ಟಪಟ್ಟು ಮಾಡಿದ್ದೆಲ್ಲ ಚೆನ್ನಾಗಿರಬೇಕೆಂದೇನಿಲ್ಲ. ಅದನ್ನು ತಿಳಿಯಲು ಲೈಕ್ ಎಣಿಸಬೇಡಿ, ಕಸೂತಿ ಬಲ್ಲ ಹಿರಿಯರ ಕೈಗೆ ಸೀರೆ ಕೊಡಿ. ಸೆರಗು ತಿರುಗಿಸಿ ನೋಡಿ ಅವರು ಹೇಳುವ ಒಂದು ಮಾತು, ಗುರುತಿಲ್ಲದವರ ಸಾವಿರ ಹೃದಯದ ಚಿಹ್ನೆಗಳಿಗಿಂತ ದೊಡ್ಡದು.

ಇನ್ನೊಂದಿಷ್ಟು ಕಿವಿಮಾತು. ಮುಂದಿನ ಸಲ ಬರೀ ಮುಂಬದಿಯ ಫೋಟೊ ಹಾಕಬೇಡಿ. ಹಿಂಬದಿಯನ್ನೂ ತೋರಿಸಿ, ಎಷ್ಟು ದಿನ ಹಿಡಿಯಿತು ಅಂತ ಎರಡು ಸಾಲು ಬರೆಯಿರಿ. ಲೈಕ್ ಸಂಖ್ಯೆ ಮನಸ್ಸು ಕೆಡಿಸಿದರೆ ಅದು ಕಾಣದಂತೆ ಮಾಡುವ ಸೌಲಭ್ಯ ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದಲೇ ಇದೆ. ಬಳೆಗೆ ಬೇಡಿಕೆ ಇದ್ದರೆ ಖಂಡಿತ ಮಾಡಿ, ಮಾರಿ. ನಾಲ್ಕು ಕಾಸು ಬಂದರೆ ಯಾರಿಗೆ ಬೇಡ? ಆ ದುಡ್ಡಲ್ಲೇ ರೇಷ್ಮೆ ದಾರ ಕೊಳ್ಳಿ. ಆದರೆ ವಾರದಲ್ಲಿ ಎರಡು ಮಧ್ಯಾಹ್ನವಾದರೂ ಕಸೂತಿಗೆ ಅಂತಲೇ ತೆಗೆದಿಡಿ. ಮನೆಮಂದಿಯ ಇಷ್ಟಾನಿಷ್ಟ ನೋಡಿಕೊಂಡೇ ಮೂರು ಹೊತ್ತು ಅಡುಗೆ ಮಾಡುವವರು ನಾವು. ನಮ್ಮ ಇಷ್ಟಕ್ಕೆ ಅಂತ ಇರುವ ಒಂದೇ ಒಂದು ಕೆಲಸವನ್ನೂ ಊರವರ ಇಷ್ಟಕ್ಕೆ ಒಪ್ಪಿಸಿಬಿಟ್ಟರೆ ಹೇಗೆ?