ಕ್ಷಾಮದ ಛಾಯಾಚಿತ್ರವೂ ಕರುಣರಸವೂ

ಶೋಕವು ಲೋಕದಲ್ಲಿ ದುಃಖವನ್ನೂ ಕಾವ್ಯದಲ್ಲಿ ಆನಂದವನ್ನೂ ಉಂಟುಮಾಡುತ್ತದೆಯೆಂಬುದು ಭಾರತೀಯ ಆಲಂಕಾರಿಕರು ಬಹುಕಾಲ ವಿಚಾರಮಾಡಿ ಕಂಡುಕೊಂಡ ಸಂಗತಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿಯು ಮಗನನ್ನು ಕಳೆದುಕೊಂಡು ಪ್ರಲಾಪಿಸುವ ಭಾಗವನ್ನು ಓದುವಾಗ ವಿದ್ಯಾರ್ಥಿಗಳ ಕಣ್ಣು ತೇವಗೊಳ್ಳುತ್ತದೆ. ಆದರೂ ಅದನ್ನು ಮತ್ತೊಮ್ಮೆ ಓದಬೇಕೆಂಬ ಆಸೆ ಹುಟ್ಟುತ್ತದೆ. ಇದಕ್ಕೆ ಕಾರಣ ಸಾಧಾರಣೀಕರಣವೆಂದು ಭಟ್ಟನಾಯಕನು ಹೇಳಿದನು. ಅಭಿನವಗುಪ್ತನು ಆ ವಿಚಾರವನ್ನು ಬೆಳೆಸಿದನು. ಚಂದ್ರಮತಿಯು ಇಂತಹ ಊರಿನ ಇಂತಹ ಹೆಣ್ಣಾಗಿ ಮಾತ್ರ ಉಳಿಯದೆ, ದೇಶಕಾಲಗಳ ಕಟ್ಟನ್ನು ಕಳಚಿಕೊಂಡು, ಮಕ್ಕಳನ್ನು ಕಳೆದುಕೊಂಡ ಎಲ್ಲ ತಾಯಂದಿರ ರೂಪವಾಗುತ್ತಾಳೆ. ಸಹೃದಯನು ಆಕೆಗೆ ನೆರವಾಗಲೆಂದು ಎದ್ದು ಓಡಬೇಕಾಗಿಲ್ಲ. ಕುಳಿತಲ್ಲಿಯೇ ರಸವನ್ನು ಸವಿದರೆ ದೋಷವಿಲ್ಲ.

ಕ್ಷಾಮಪೀಡಿತರ, ನೆಲೆ ತಪ್ಪಿದವರ ಛಾಯಾಚಿತ್ರಕ್ಕೆ ಈ ನ್ಯಾಯವು ಸಲ್ಲುವುದೇ? ಸಲ್ಲದು. ಅಲ್ಲಿ ಕಾಣುವವನು ಕವಿಕಲ್ಪಿತ ಪಾತ್ರನಲ್ಲ. ಕ್ಯಾಮೆರಾದ ಎದುರು ನಿಂತ ಆ ಗಳಿಗೆಯಲ್ಲಿ ಅವನ ಹೊಟ್ಟೆಯಲ್ಲಿ ನಿಜವಾದ ಹಸಿವಿತ್ತು. ಅವನಿಗೆ ಹೆಸರಿತ್ತು, ಊರಿತ್ತು, ಬಂಧುಬಳಗವಿತ್ತು. ಇವನ್ನೆಲ್ಲ ಅಳಿಸಿ, ‘ಹಸಿದ ಮನುಷ್ಯ’ ಎಂಬ ಸಾಮಾನ್ಯರೂಪವೊಂದನ್ನೇ ಉಳಿಸಿದರೆ ನೋಡುವವರಿಗೆ ಕರುಣರಸವು ದೊರೆತೀತು; ಚಿತ್ರದಲ್ಲಿದ್ದವನಿಗೆ ಏನೂ ದೊರೆಯದು. ಕಾವ್ಯಕ್ಕೆ ಗುಣವಾದುದೇ ಇಲ್ಲಿ ದೋಷವಾಗುತ್ತದೆ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮವನ್ನು ಕನ್ನಡ ನಾಡಿನ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂಬುದೊಂದೇ ಆ ಘೋರವನ್ನು ಹೇಳಲು ಸಾಕು. ಆ ಕಾಲದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿ ವಿಲೋಬಿ ವಾಲೇಸ್ ಹೂಪರನು ಮದರಾಸು ಪ್ರಾಂತದ ಕ್ಷಾಮಪೀಡಿತರ ಚಿತ್ರಗಳನ್ನು ತೆಗೆದನು. ಎಲುಬಿನ ಗೂಡಾದ ಗಂಡಸರು, ಹೆಂಗಸರು, ಮಕ್ಕಳು ಗುಂಪುಗುಂಪಾಗಿ ಕುಳಿತಿದ್ದಾರೆ. ಅವರು ತಾವಾಗಿ ಕುಳಿತವರಲ್ಲ, ಕುಳ್ಳಿರಿಸಲ್ಪಟ್ಟವರು. ನಿಲ್ಲಲು ತ್ರಾಣವಿಲ್ಲದವರನ್ನು ಅಲುಗಾಡದಂತೆ ಇರಿಸಿ ತೆಗೆದ ಚಿತ್ರಗಳು ಅವು. ಚಿತ್ರ ತೆಗೆದನಲ್ಲದೆ ಅವರಿಗಾಗಿ ಏನು ಮಾಡಿದನೆಂಬ ಆಕ್ಷೇಪವು ಆತನ ಮೇಲೆ ಬಂದಿತು. ತೆಗೆದವನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಕುಳಿತವರ ಹೆಸರುಗಳು ಉಳಿಯಲಿಲ್ಲ.

ಆ ಚಿತ್ರಗಳಲ್ಲಿ ಇನ್ನೊಂದು ಕೊರತೆಯೂ ಉಂಟು. ಅವು ಕಾರ್ಯವನ್ನು ತೋರಿಸುತ್ತವೆ, ಕಾರಣವನ್ನು ತೋರಿಸುವುದಿಲ್ಲ. ಬೆನ್ನಿಗೆ ಹತ್ತಿದ ಹೊಟ್ಟೆ ಕಾಣುತ್ತದೆ. ಅದೇ ವರ್ಷಗಳಲ್ಲಿ ಈ ದೇಶದಿಂದ ಹಡಗುಗಳಲ್ಲಿ ಹೊರಟುಹೋದ ಧಾನ್ಯ ಕಾಣುವುದಿಲ್ಲ. ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಎಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ, ಮತ್ತು ಒಂದಾಣೆ ಸಾಕೆಂದು 1877ರಲ್ಲಿ ಕೂಲಿಯನ್ನು ಇಳಿಸಿದ ಸರ್ ರಿಚರ್ಡ್ ಟೆಂಪಲ್ಲನ ಲೇಖನಿ ಕಾಣುವುದಿಲ್ಲ. ಕಾರಣವು ಮರೆಯಾದಾಗ ಕ್ಷಾಮವು ವಿಧಿಯ ಆಟದಂತೆ ತೋರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆಯು ಛಾಯಾಚಿತ್ರಕ್ಕೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು.

ಒಳ್ಳೆಯ ಉದ್ದೇಶವುಳ್ಳವರ ಕೈಯಲ್ಲಿಯೂ ಈ ದೋಷವು ತಪ್ಪಲಿಲ್ಲ. 1936ರಲ್ಲಿ, ಅಮೆರಿಕದಲ್ಲಿ ಬೇಸಾಯಗಾರರು ನೆಲೆ ಕಳೆದುಕೊಂಡು ಕೂಲಿಗಾಗಿ ಅಲೆಯುತ್ತಿದ್ದ ಕಾಲದಲ್ಲಿ, ಡೊರೊಥಿಯಾ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಮಕ್ಕಳೊಡನೆ ಕುಳಿತ ತಾಯಿಯೊಬ್ಬಳ ಚಿತ್ರ ತೆಗೆದಳು. ಬಟಾಣಿಯ ಬೆಳೆ ಹಿಮಕ್ಕೆ ಸಿಕ್ಕು ಹಾಳಾಗಿ, ಕೂಲಿಕಾರರು ಹಸಿದು ಬಿದ್ದಿದ್ದರು. ಚಿತ್ರಗಳು ಪತ್ರಿಕೆಗೆ ತಲುಪಿದ ಮೇಲೆ ಸರ್ಕಾರವು ಆ ಬಿಡಾರಕ್ಕೆ 20,000 ಪೌಂಡ್ ಆಹಾರವನ್ನು ಕಳುಹಿಸಿತು. ಅದು ಸಣ್ಣ ಫಲವಲ್ಲ. ಆದರೆ ಆ ತಾಯಿ ಅಷ್ಟರಲ್ಲಿ ಮಕ್ಕಳೊಡನೆ ಮುಂದಕ್ಕೆ ಹೊರಟುಹೋಗಿದ್ದಳು. ಚಿತ್ರ ತೆಗೆದಾಕೆ ಅವಳ ಹೆಸರನ್ನು ಕೇಳಿರಲಿಲ್ಲ. ಜಗತ್ತೆಲ್ಲ ಆ ಮುಖವನ್ನು ಮಾತೃತ್ವದ ಪ್ರತಿಮೆಯೆಂದು ಕೊಂಡಾಡಿತು. ಅವಳ ಹೆಸರು ಲೋಕಕ್ಕೆ ತಿಳಿದುದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಕಾಸೂ ಬರಲಿಲ್ಲವೆಂದು ಆಗ ಅವಳು ನೊಂದು ನುಡಿದಳು. ಸಾಧಾರಣೀಕರಣವು ನೋಡುಗರಿಗೆ ಲಾಭ, ಅವಳಿಗೆ ನಷ್ಟ.

ಹಾಗಾದರೆ ಇಂತಹ ಚಿತ್ರಗಳನ್ನು ತೆಗೆಯಲೇಬಾರದೆಂದು ಕೆಲವರು ವಾದಿಸಬಹುದು. ಈ ವಾದಕ್ಕೆ 1943ರ ಬಂಗಾಳವೇ ಉತ್ತರ. ಲಕ್ಷಾಂತರ ಜನರು ಸಾಯುತ್ತಿದ್ದರೂ ಸರ್ಕಾರವು ಅದನ್ನು ವಿಧಿವತ್ತಾಗಿ ಕ್ಷಾಮವೆಂದು ಘೋಷಿಸಲಿಲ್ಲ. ಯುದ್ಧಕಾಲದ ಕಟ್ಟುಪಾಡುಗಳು ಪತ್ರಿಕೆಗಳ ಬಾಯನ್ನು ಕಟ್ಟಿದ್ದವು. ಆಗ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸನು ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದ ಹಸಿದವರ ಚಿತ್ರಗಳನ್ನು ಅಚ್ಚುಮಾಡಿದನು. ಮಾತು ಹೇಳಲಾರದುದನ್ನು ಚಿತ್ರವು ಹೇಳಿತು. ಸುನಿಲ್ ಜಾನಾ ಅವರು ಪಿ. ಸಿ. ಜೋಶಿ ಮತ್ತು ಚಿತ್ರಕಾರ ಚಿತ್ತಪ್ರಸಾದರ ಜೊತೆ ಹಳ್ಳಿಗಳನ್ನು ಸುತ್ತಿ ತೆಗೆದ ಚಿತ್ರಗಳು ವರದಿಗಳೊಡನೆ ಪ್ರಕಟವಾದವು. ಇಲ್ಲವೆಂದು ಆಳುವವರು ಹೇಳಿದ್ದನ್ನು ಉಂಟೆಂದು ಸಾರಿದ್ದೇ ಆ ಚಿತ್ರಗಳ ಸಾರ್ಥಕತೆ. ಕಣ್ಣು ಮುಚ್ಚಿಕೊಳ್ಳುವುದು ಮರ್ಯಾದೆಯಲ್ಲ. ಅದು ಹಲವು ವೇಳೆ ಹಸಿವಿಗೆ ಕಾರಣರಾದವರಿಗೆ ಮಾಡುವ ಉಪಕಾರ.

ಆದುದರಿಂದ ಛಾಯಾಚಿತ್ರವನ್ನು ಕಾವ್ಯದ ಪಂಕ್ತಿಯಲ್ಲಿ ಕೂರಿಸದೆ ಸಾಕ್ಷಿಯ ಸ್ಥಾನದಲ್ಲಿ ನಿಲ್ಲಿಸಬೇಕು. ಸಾಕ್ಷಿಗೆ ಕಟ್ಟುಪಾಡುಗಳುಂಟು. ಸಾಕ್ಷಿಯು ದೇಶವನ್ನೂ ಕಾಲವನ್ನೂ ಹೇಳಬೇಕು. ಯಾರಿಗೆ ಅನ್ಯಾಯವಾಯಿತು, ಯಾರಿಂದ ಆಯಿತು ಎಂಬುದನ್ನು ತಿಳಿಸಬೇಕು. ನೊಂದವರ ಒಪ್ಪಿಗೆಯನ್ನು ಕೇಳಬೇಕು. ಹೆಸರು ಹೇಳುವುದರಿಂದ ಅವರಿಗೆ ಕೇಡಾಗದಿದ್ದರೆ ಹೆಸರನ್ನೂ ಹೇಳಬೇಕು. ಚಿತ್ರದ ಅಂದವು ಇವೆಲ್ಲವುಗಳ ತರುವಾಯ ಬರತಕ್ಕದ್ದು.

ನೋಡುವವರ ಹೊಣೆಯೂ ಕಡಿಮೆಯದಲ್ಲ. ಇಂದು ಇಂತಹ ಚಿತ್ರಗಳು ಅಂಗೈಯೊಳಗಿನ ಫೋನಿನಲ್ಲಿ ದಿನವೂ ಹಾದುಹೋಗುತ್ತವೆ. ಒಂದು ನಿಟ್ಟುಸಿರು, ಮುಂದಿನ ಚಿತ್ರ. ಆ ನಿಟ್ಟುಸಿರನ್ನು ದಯೆಯೆಂದು ವಿದ್ಯಾರ್ಥಿಗಳು ಭ್ರಮಿಸಬಾರದು. ಇದು ಯಾವ ಊರು, ಯಾವ ವರ್ಷ, ಇವರಾರು, ಇವರಿಗೆ ಹೀಗೇಕಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ತರಗತಿಯಲ್ಲಿಯೇ ಬೆಳೆಯಬೇಕು. ಚಂದ್ರಮತಿಯ ದುಃಖಕ್ಕೆ ಕಣ್ಣೀರಿಟ್ಟರೆ ಸಾಕು, ಕಾವ್ಯವು ತೃಪ್ತಿಪಡುತ್ತದೆ. ಬದುಕಿರುವವರ ಹಸಿವು ಅಷ್ಟಕ್ಕೆ ತೃಪ್ತಿಪಡುವುದಿಲ್ಲ.